ಎರಡನೆಯ ಖಾನೆ

ಮೊದಲ ಖಾನೆಯಲ್ಲಿ ತತ್ವಶಾಸ್ತ್ರ ಎಂದು ಬರೆದು
ಒಂಬತ್ತು ದಿನ.
ಎರಡನೆಯದು ಇನ್ನೂ ಬೆಳ್ಳಗಿದೆ.
ಕೌಂಟರ್ ಮೂರರ ಫಿಲೋಮಿನಾ ಮೇಡಂ
ಕನ್ನಡಕ ಹಣೆಗೇರಿಸಿ ಹೇಳಿದರು:
'ಅದನ್ನ ಒಂಟಿಯಾಗಿ ಕೊಡಲ್ಲಮ್ಮ, ಜೊತೆಗೊಂದು ಬೇಕು.
ಸೋಮವಾರ ನಾಲ್ಕು ಗಂಟೆ. ಆಮೇಲೆ ಕಂಪ್ಯೂಟರೇ ಬಾಗಿಲು ಹಾಕ್ಕೊಳುತ್ತೆ.'

ಒಂಟಿಯಾಗಿ ಕೊಡಲ್ಲ,
ಓಲೆ ಮಾರುವವರು ಹೇಳುವ ಹಾಗೆ,
ಚಪ್ಪಲಿ ಮಾರುವವರು ಹೇಳುವ ಹಾಗೆ.

ಸಲಹೆಗೇನೂ ಬರವಿಲ್ಲ ಈ ಊರಲ್ಲಿ.
'ಎಕನಾಮಿಕ್ಸ್ ತಗೋ, ಅದು ಅನ್ನ,
ಇನ್ನೊಂದು ಎಲೆ ತುದೀಲಿ ಉಪ್ಪಿನಕಾಯಿ' ಅಂದಳು ಚಿಕ್ಕಮ್ಮ.
'ಸೈಕಾಲಜಿ' ಅಂದ ಸೀನಿಯರ್ ಇಮಾದ್,
ಬೈಟೂ ಕಾಫಿಯಲ್ಲಿ ತನ್ನ ಪಾಲು ಮುಗಿಸಿ,
'ಪ್ರಶ್ನೆಗಳು ಅವೇ. ಇಲ್ಲಿ ಗಂಟೆಗಿಷ್ಟು ಅಂತ ಫೀಸು ಸಿಗುತ್ತೆ.'
ಮನೆ ಓನರ್ ಮೊಗಿಲಪ್ಪನವರು
ನೀರಿನ ಮೋಟರ್ ಆರಿಸುತ್ತ ನಕ್ಕರು:
'ಫಿಲಾಸಫೀನಾ? ಅದು ರಿಟೈರಾದ ಮೇಲೆ ತಾನಾಗೇ ಬರಲ್ವಾ?'

ಯಾಕೆ ಅದು ಎಂದು ಮಾತ್ರ ಯಾರೂ ಕೇಳಲಿಲ್ಲ.
ಕೇಳಿದ್ದರೆ ನನ್ನ ಹತ್ತಿರ ಇದ್ದದ್ದು ಇಷ್ಟೆ:
ಒಂಬತ್ತನೇ ಕ್ಲಾಸಿನ ಕಿರುಪರೀಕ್ಷೆಯಲ್ಲಿ
ಬಿಟ್ಟ ಸ್ಥಳ ತುಂಬುವ ಬದಲು
'ಇಲ್ಲಿ ಎರಡು ಪದವೂ ಹೊಂದುತ್ತವೆ' ಎಂದು ಬರೆದು
ಸೊನ್ನೆ ತಗೊಂಡು,
ಆ ಸೊನ್ನೆಯನ್ನು ಯಾರಿಗೂ ತೋರಿಸದೆ
ಜೋಪಾನ ಮಾಡಿದ್ದು.

ಗಣಿತದ ತರಗತಿಯ ಕಿಟಕಿಯಾಚೆ ನಿಂತು ನೋಡಿದೆ.
'ಹೀಗೊಂದು ಸಂಖ್ಯೆ ಇದೆ ಎಂದುಕೊಳ್ಳೋಣ' ಎಂದರು ಮೇಷ್ಟ್ರು.
ಆಸೆಯಾಯಿತು. ನಮ್ಮ ಮನೆಯಲ್ಲಿ ಯಾರೂ ಯಾವುದನ್ನೂ
ಇದೆ ಎಂದುಕೊಂಡು ಶುರು ಮಾಡಿದವರಲ್ಲ.
ಸಂಸ್ಕೃತದ ಬಾಗಿಲಲ್ಲಿ ಚಪ್ಪಲಿ ಸಾಲು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ
ನನ್ನವನ್ನು ಬಿಡಲು ಜಾಗ ಕಾಣಲಿಲ್ಲ.
ಪತ್ರಿಕೋದ್ಯಮದ ಕೋಣೆಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು.

ಶನಿವಾರ ಅಪ್ಪನ ಊಟದ ಕ್ಯಾರಿಯರ್ ಹಿಡಿದು
ಚಿಕ್ಕಪೇಟೆಯಲ್ಲಿ ಮೆಟ್ರೋ ಇಳಿದೆ.
ಮಾಮೂಲ್‌ಪೇಟೆ, ಮೆಟ್ಟಿಲ ಕೆಳಗೆ ಆರಡಿ ಅಂಗಡಿ:
ತಕ್ಕಡಿ ರಿಪೇರಿ. ತೂಕದ ಕಲ್ಲಿಗೆ ಸರ್ಕಾರಿ ಮುದ್ರೆ ಮಾಡಿಸಿಕೊಡಲಾಗುವುದು.
ಕಬ್ಬಿಣದ್ದಾದರೂ ಹೆಸರು ಕಲ್ಲು.
ಅಪ್ಪ ಐದು ಕೆಜಿಯದನ್ನು ಮಗುಚಿ ಹಾಕಿ
ತಳದ ತೂತಿಗೆ ಸೀಸ ಸುರಿಯುತ್ತಿದ್ದ.
'ಸವೆದಿದೆ. ಏಳು ಗ್ರಾಂ ಸುಳ್ಳು ಹೇಳ್ತಿತ್ತು.'

'ಸುಳ್ಳು ಅಂತ ಹೇಗೆ ಗೊತ್ತಾಯ್ತು?'
'ಪೆಟ್ಟಿಗೇಲಿ ಇನ್ನೊಂದಿದೆಯಲ್ಲ, ಹಿತ್ತಾಳೇದು.'
'ಅದು ನಿಜ ಅಂತ?'
'ಆಫೀಸಲ್ಲಿ ಅದರ ಅಣ್ಣ ಇದಾನೆ.'
'ಅವನು?'
'ಡೆಲ್ಲೀಲಿ ಅವರಪ್ಪ.'
'ಅವರಪ್ಪ?'
ಅಪ್ಪ ಸೌಟು ಕೆಳಗಿಟ್ಟ.
'ಫ್ರಾನ್ಸಲ್ಲಿ ಒಂದಿತ್ತಂತೆ, ಗಾಜಿನ ಬುರುಡೆ ಕೆಳಗೆ.
ಈಗ ಅದನ್ನೂ ಬಿಟ್ಟುಬಿಟ್ರಂತೆ. ಕಲ್ಲೇ ಬೇಡ,
ಒಂದು ನಂಬರ್ ಸಾಕು ಅಂತ. ಇನ್ಸ್‌ಪೆಕ್ಟರ್ ಹೇಳ್ತಿದ್ರು.'
'ನಂಬರ್ ಕೈಗೆ ಸಿಗಲ್ವಲ್ಲ?'
'ಸಿಗಲ್ಲ. ಆದರೂ ಪೇಟೆ ನಡೀತಾ ಇದೆ.'
ಕೈ ತೊಳೆದು ಬಂದು ಅನ್ನಕ್ಕೆ ಸಾರು ಕಲಸಿಕೊಂಡ.
ಹೊರಗೆ ಮೂಟೆ ಹೊತ್ತವನೊಬ್ಬ
'ಸೈಡು, ಸೈಡು' ಎಂದು ಕೂಗುತ್ತ ಹಾದುಹೋದ.

ಭಾನುವಾರ ರಾತ್ರಿ ಕರೆಂಟಿರಲಿಲ್ಲ.
ಪಕ್ಕದ ಪಿಜಿಯ ಜನರೇಟರ್ ಸದ್ದಿನಲ್ಲಿ
ಲಗ್ನಪತ್ರಿಕೆಯ ಎರಡು ಹೆಸರಿನ ಹಾಗೆ
ಜೋಡಿಸಿ ಜೋಡಿಸಿ ಓದಿಕೊಂಡೆ.
ಯಾವುದೂ ಕಿವಿಗೆ ಕೂರಲಿಲ್ಲ.
ನಡುವೆ ನಡುವೆ ಆ ನಂಬರು:
ಅದನ್ನು ಮೊದಲು ಬರೆದವರ ಕೈ
ಒಂದು ಕ್ಷಣವಾದರೂ ತಡೆದಿರಲಾರದೆ?

ಸೋಮವಾರ ಮೂರೂಮುಕ್ಕಾಲು.
ಬರೆದೆ. ಖಾನೆ ಚಿಕ್ಕದು;
ಭೌತಶಾಸ್ತ್ರದ ಕೊನೆಯ ಅಕ್ಷರ ಗೆರೆ ದಾಟಿತು.
ಫಿಲೋಮಿನಾ ಮೇಡಂ ಅಂಕಪಟ್ಟಿ ತಿರುಗಿಸಿದರು:
'ಪಿಯುಸೀಲಿ ಐವತ್ತೆಂಟು. ಆಗುತ್ತೇನಮ್ಮ ನಿನ್ನ ಕೈಲಿ?'
'ಗೊತ್ತಿಲ್ಲ ಮೇಡಂ.'
'ಗುರುವಾರ ಲ್ಯಾಬೂ ತತ್ವಶಾಸ್ತ್ರವೂ
ಒಂದೇ ಹೊತ್ತಿಗೆ ಬೀಳುತ್ತೆ, ಅರ್ಧ ಗಂಟೆ. ಏನ್ಮಾಡ್ತೀಯ?'
ಸಾಲಿನಲ್ಲಿ ಹಿಂದಿದ್ದ ಹುಡುಗ
ಫೈಲಿನ ಮೂಲೆಯಿಂದ ಬೆನ್ನು ಚುಚ್ಚಿದ.

'ಗುರುವಾರಕ್ಕೆ ಇನ್ನೂ ಮೂರು ದಿನ ಇದೆ ಮೇಡಂ.'