ಮೂವತ್ತಾರು ಹಲ್ಲು

ಇದನ್ನು ಕೇಳುವವರು ಹಗಲು ಬರುವುದಿಲ್ಲ.
ಶಟರು ಅರ್ಧ ಇಳಿಸಿದ ಮೇಲೆ ಬರುತ್ತಾರೆ,
ಗುಟ್ಟಿನ ಕಾಯಿಲೆಗೆ ಮದ್ದು ಕೇಳುವವರ ಹಾಗೆ.
ಮೊದಲು ಮಂಜಿನ ಮಾತು, ಆಲೂಗಡ್ಡೆಯ ಬೆಲೆ,
ಆಮೇಲೊಂದು ಕೆಮ್ಮು:
‘ಬೆಲಾರ್ಮಿನೊ, ಹಿಂದಿನ ಚಕ್ರಕ್ಕೆ
ಸ್ವಲ್ಪ ದೊಡ್ಡದು… ಇದೆಯಾ?’

ನಿನ್ನೆ ಬಂದವಳು ನೊಹೇಲಿಯಾ.
ಮೂವತ್ತು ವರ್ಷದ ಕೆಳಗೆ ಈ ಬೊಯಾಕಾ ಸೀಮೆಯ
ಏರುಗಳಲ್ಲೆಲ್ಲ ನಾವು ಕಂಡದ್ದು ಅವಳ ಬೆನ್ನು ಮಾತ್ರ.
ಮುಂದೆ ನಲವತ್ತೆರಡು, ಹಿಂದೆ ಇಪ್ಪತ್ತಮೂರು.
ಅದರ ಮೇಲೆ ಒಂದು ಹಲ್ಲು ಹೆಚ್ಚಾದರೂ
ಅಜ್ಜಿಯರಿಗಿರಲಿ ಬಿಡು, ಎನ್ನುತ್ತಿದ್ದಳು.
ಈಗ ಅವಳೇ ಅಜ್ಜಿ.
ರುವಾನಾ ಹೊದ್ದು, ಸೈಕಲ್ಲನ್ನು
ಹಟಮಾರಿ ಮೇಕೆಯಂತೆ ಕೊಂಬು ಹಿಡಿದು ಒಳಗೆಳೆದು
ನಿಂತಳು.

ಎಲ್ಲಿಗೆ, ಎಂದೆ.
ತಂಗಿಯ ಮನೆಗೆ. ಪರಾಮೊದ ಅಂಚಿಗೆ.
ಆ ದಾರಿ ನನಗೆ ಗೊತ್ತು.
ಚಿಕ್ಕ ಚರ್ಚಿನ ತಿರುವಿನಲ್ಲಿ ಹಾಲಿನ ಲಾರಿಯೂ
ಮೊದಲ ಗೇರಿಗೆ ಬಿದ್ದು ನರಳುವ ದಾರಿ.
ನೂರು ಮೀಟರು ಹೋದರೆ
ಹದಿನಾರು ಮೀಟರು ಆಕಾಶ.

ಬೆಂಚಿನ ಮೇಲೆ ಚಕ್ರ ಮಲಗಿಸಿ ಲೆಕ್ಕ ಹೇಳಿದೆ:
ಮುಂದೆ ಮೂವತ್ತನಾಲ್ಕು, ಹಿಂದೆಯೂ ಅಷ್ಟೇ ಆದರೆ
ಕಾಲು ಒಂದು ಸುತ್ತು, ಚಕ್ರ ಒಂದು ಸುತ್ತು,
ಕೊಟ್ಟಷ್ಟೇ ಕೊಳ್ಳುವ ನೇರ ವ್ಯಾಪಾರ.
ಹಿಂದೆ ಮೂವತ್ತಾರಾದರೆ
ಏರು ಚೂರು ರಿಯಾಯಿತಿ ಕೊಡುತ್ತದೆ.
ಬದಲಿಗೆ ವೇಗ ಕೇಳುತ್ತದೆ, ಕೊಟ್ಟುಬಿಡು.
ನಾಯಿಗಳು ಇನ್ನು ನಿನ್ನ ಹಿಂದೆ ಓಡಿ ಬೊಗಳುವುದಿಲ್ಲ,
ಜೊತೆಗೆ ನಡೆದು ಬೊಗಳುತ್ತವೆ.
ಸೀಟಿನ ಮೂತಿಗೆ ಸರಿದು ಕೂತುಕೋ,
ಇಲ್ಲವೆಂದರೆ ಮುಂದಿನ ಚಕ್ರ ಎದ್ದು ನಿಲ್ಲುತ್ತದೆ.
ಚೈನಿಗೆ ಎರಡು ಜೋಡಿ ಕೊಂಡಿ ಸೇರಿಸಬೇಕು,
ಡಿರೇಲರಿಗೂ ಉದ್ದ ತೋಳಿನದೇ ಬೇಕು.

‘ಮಂಡಿಯೂರಿದ ಹಾಗಲ್ಲವಾ?’
ಮಂಡಿ ಉಳಿಯಲಿ ಅಂತಲೇ, ಎನ್ನಬಹುದಿತ್ತು.
ಎನ್ನಲಿಲ್ಲ. ಡ್ರಾಯರು ಎಳೆದೆ.
ಬಿಸ್ಕತ್ತಿನ ಹಳೇ ಡಬ್ಬಿ. ಒಳಗೆ
ಊರಿನ ಹಮ್ಮೆಲ್ಲ ಗ್ರೀಸು ಬಳಿದುಕೊಂಡು ಮಲಗಿತ್ತು:
ಇಪ್ಪತ್ತೊಂದು, ಇಪ್ಪತ್ತಮೂರು, ಮತ್ತೆ ಇಪ್ಪತ್ತೊಂದು,
ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ.
ಕನ್ನಡಕ ಹುಡುಕಿ ಓದಿದಳು.
ಎಫ್ರೆನ್. ಎಫ್ರೆನನ ಅಣ್ಣ.
‘ಗಿಲ್ಮಾ ಕೂಡಾ?’
ಎರಡು ವರ್ಷವಾಯಿತು, ಎಂದೆ.
‘ಕಳ್ಳಿ!’
ನಕ್ಕಳು, ಬಾಯಿಗೆ ಕೈ ಅಡ್ಡ ಇಡದೆ.
ಎಡಗಡೆ ಎರಡಿಲ್ಲ.

ಹಲ್ಲಿದ್ದಾಗ ಕಡಲೆಯಿಲ್ಲ ಎನ್ನುತ್ತಾರಲ್ಲ,
ನಮ್ಮ ಹರೆಯದ ಕಾಲಿಗೆ ಸಿಕ್ಕಿದ್ದು ಇಪ್ಪತ್ತಮೂರೇ.
ಮೂವತ್ತಾರು ಅಂಗಡಿಗೆ ಬರುವ ಹೊತ್ತಿಗೆ
ಬಾಯಿ ಬರಿದು.

ಡಬ್ಬಿಯ ತಳದಲ್ಲಿ ಚೀಟಿ ಇಲ್ಲದ ಹತ್ತೊಂಬತ್ತು ಒಂದಿತ್ತು.
ಇದು ಯಾರದು, ಎಂದಳು.
ನಾನು ಪಾನಾ ಹುಡುಕುತ್ತಿದ್ದೆ.

ಭಾನುವಾರ ಚರ್ಚಿನ ತಿರುವಿನಲ್ಲಿ ಇಳಿದು ನಿಂತಿದ್ದೆ,
ಚೈನಿಗೆ ಏನೋ ಆದವನ ಹಾಗೆ.
ದಂಡೆಯುದ್ದಕ್ಕೂ ಉಣ್ಣೆಯೆಲೆಯ ಫ್ರೈಲೆಹೋನುಗಳು
ತೊಟ್ಟಿಕ್ಕುತ್ತಿದ್ದವು.
ಮಂಜಿನೊಳಗಿಂದ ಮೊದಲು ಸದ್ದು ಬಂತು,
ಯಾರೋ ದೂರದಲ್ಲಿ ಹೊಲಿಗೆ ಯಂತ್ರ ತುಳಿದ ಹಾಗೆ.
ಆಮೇಲೆ ಅವಳು. ಪಕ್ಕದಲ್ಲಿ ನಡೆಯುತ್ತ
ಹಾಲಿನವನ ನಾಯಿ.

‘ನಿನ್ನದೆಷ್ಟು?’ ಎಂದಳು, ನಿಲ್ಲಿಸದೆ.
ನಲವತ್ತು, ಎಂದೆ.
ಕೇಳಿಸಿತೋ ಇಲ್ಲವೋ.
ಮತ್ತೆ ಬೆನ್ನು ಮಾತ್ರ ಕಂಡಿತು.
ನಾಯಿ ಸಾಕೆನಿಸಿ ನನ್ನ ಪಕ್ಕ ಕೂತಿತು.