ಕದ್ದ ಐದು ಬೈಟು

ಬೊಟೊಶಾನಿಯ ಗೋಧಿ ಉಗ್ರಾಣದಿಂದ ಬಂತು ಫೈಲು,
ಲಾರಿ ತೂಗುವ ಒಂದು ಮುದಿ ಪ್ರೋಗ್ರಾಮು.
ಜೊತೆಗೆ ಗುಮಾಸ್ತೆ ಕತಿಂಕಾಳ ಎರಡು ಸಾಲು:
‘ತೂಕವೇನೋ ಸರಿಯಾಗಿಯೇ ಬರುತ್ತಿದೆ.
ಆದರೂ ಫೈಲು ದಪ್ಪಗಾಗಿದೆ.’

ಹೆಂಗಸು ಜಾಣೆ ಅಂದುಕೊಂಡೆ.
ತೂಕದ ಕಟ್ಟೆಯ ಮೇಲೆ ಕೂತವಳಿಗೆ
ತಕ್ಕಡಿಯನ್ನೇ ತೂಗುವ ಚಟ.

ಯಾಶ್ ನಗರದಲ್ಲಿ ನನ್ನದು ರಾತ್ರಿ ಪಾಳಿ.
ಕೊನೆಯ ಟ್ರಾಮು ಕೊಪೊ ಏರಿನಲ್ಲಿ ಕಿರುಗುಟ್ಟಿ ಹೋಯಿತು.
ಯಾವ ತಂತಿಗೂ ಅಂಟದ ಯಂತ್ರದೊಳಗೆ
ಒಂದು ಸುಳ್ಳು ಆಫೀಸು ಹೂಡಿದ್ದೇನೆ:
ಸುಳ್ಳು ಬಿಲ್ಲು, ಸುಳ್ಳು ರಜೆಯ ಫೋಟೋ,
ನಲವತ್ತು ಪುಟ್ಟ ಫೈಲು. ನಮ್ಮ ಕಸುಬಿನಲ್ಲಿ
ಅವಕ್ಕೆ ಮೇಕೆ ಎಂದೇ ಹೆಸರು;
ಹೊಟ್ಟೆ ತುಂಬ ಸೊನ್ನೆ ಮೇದು
ಗೂಟಕ್ಕೆ ನಿಂತಿವೆ.

ಬಿಟ್ಟೆ. ಒಂದು ನಿಮಿಷ, ಎರಡು.
ಏನೂ ಇಲ್ಲ.
ಮನುಷ್ಯರ ಸುಳಿವು ಕಾಯುತ್ತಿದೆಯೇನೋ ಎಂದು
ಮೌಸು ಒಂದಿಷ್ಟು ಅಲುಗಿಸಿದೆ.

ಮೊದಲ ಮೇಕೆ.
ಹೊಸ್ತಿಲ ಐದು ಬೈಟು ಕಿತ್ತು ಜೇಬಿಗಿಳಿಸಿ
ಅಲ್ಲಿ ‘ಹಿತ್ತಿಲಿಗೆ ನಡೆ’ ಎಂದು ಬರೆಯಿತು;
ಹಿತ್ತಿಲಲ್ಲಿ ತನ್ನ ಮೈ ಹೊಲಿದುಕೊಂಡಿತು.
ತಾರೀಕು ಹಳೆಯದನ್ನೇ ಬಿಟ್ಟಿತು,
ಕಾಲೊರೆಸಿಕೊಂಡು ಒಳಬಂದ ಕಳ್ಳನ ಹಾಗೆ.
ಎರಡನೆಯದಕ್ಕೆ ಬೇರೆ ಅಂಗಿ,
ಮೂರನೆಯದಕ್ಕೆ ಮತ್ತೊಂದು.
ಹೋಲಿಸಿ ನೋಡಿದರೆ ಯಾವುದಕ್ಕೂ ಯಾವುದೂ ತಾಳೆಯಿಲ್ಲ.

ಆದರೆ ಕಚ್ಚಿದ್ದನ್ನೇ ಮತ್ತೆ ಕಚ್ಚಬಾರದಲ್ಲ?
ಅದಕ್ಕೆಂದು ತಾನೇ ಇಡುತ್ತದೆ ಗುರುತು,
ಹಣೆಯ ಮೂಲೆಯಲ್ಲಿ ಎರಡಕ್ಷರ.
ನೆನಪಿನ ಶಕ್ತಿ ಇಲ್ಲದವನು ಅಡಗಿ ಬಾಳಲಾರ.
ಇನ್ನು, ಓಡಬೇಕಾದರೆ ಅಂಗಿ ಕಳಚಲೇಬೇಕು;
ಆ ಗಳಿಗೆಗೆ ತಡೆಗಲ್ಲಿಟ್ಟು ಕಾದೆ.
ಮೂರೂವರೆಗೆ, ಬೆತ್ತಲೆ.

‘ಅಳಿಸು, ಮಲಗು’ ಅಂದ ಗವ್ರಿಲ್,
ಕುಂಬಳದ ಪ್ಲಾಚಿಂತಾ ಬಾಯಲ್ಲಿಟ್ಟುಕೊಂಡೇ.
‘ಅವರ ಹತ್ತಿರ ಮೂಲ ಪ್ರತಿ ಇದ್ದೇ ಇರುತ್ತೆ.’

ಬೆಳಿಗ್ಗೆ ಫೋನು ಮಾಡಿದೆ. ಇಲ್ಲ.
ಬರೆದಾತ ತೀರಿಹೋಗಿ ಒಂಬತ್ತು ವರ್ಷ.
ಅವನ ಸೀಡಿಗಳನ್ನು ಹೆಂಡತಿ
ಹಕ್ಕಿ ಬೆದರಲೆಂದು ಚೆರ್ರಿ ಮರಕ್ಕೆ ಕಟ್ಟಿದ್ದಾಳೆ;
ಗಾಳಿ ಬಂದಾಗ ಚೆನ್ನಾಗಿ ಹೊಳೆಯುತ್ತವಂತೆ.

ಹಾಗಾದರೆ ಆ ಪ್ರೋಗ್ರಾಮಿನ ಮೊದಲ ಐದು ಬೈಟು
ಇಡೀ ಭೂಮಿಯ ಮೇಲೆ ಈಗ ಇರುವುದು
ಕಳ್ಳನ ಜೇಬಿನಲ್ಲಿ ಮಾತ್ರ.
ಜೋಪಾನವಾಗಿಯೇ ಇಟ್ಟಿದ್ದಾನೆ, ಪಾಪ;
ತನ್ನ ಕೆಲಸ ಮುಗಿದ ಮೇಲೆ ದಿನವೂ ತೆಗೆದುಕೊಟ್ಟು
ಲಾರಿ ತೂಗಿಸಿದ್ದಾನೆ.
ತೂಕ ತಪ್ಪಿದ್ದರೆ ಅಂದೇ ಸಿಕ್ಕಿಬೀಳುತ್ತಿದ್ದ.

ಬೀಗದ ಮೇಲೆ ಬೀಗ ಬಿಚ್ಚಿ
ಐದನ್ನೂ ತಂದು ಹೊಸ್ತಿಲಿಗೆ ಕೂರಿಸಿದೆ.
ಹಿತ್ತಿಲ ಮೈಯನ್ನು ಕೊಯ್ದು ತೆಗೆದೆ.
ನಲವತ್ತು ಮೇಕೆಗಳನ್ನೂ ಒರೆಸಿದೆ.
ಏನೂ ಅನ್ನಿಸಲಿಲ್ಲ ಅಂದರೆ ಸುಳ್ಳು.

ಮಧ್ಯಾಹ್ನ ಕತಿಂಕಾ ಬರೆದಳು:
‘ಮೊದಲ ಲಾರಿ ಹದಿನೆಂಟು ಟನ್ನು, ನಾನೂರ ಇಪ್ಪತ್ತು ಕಿಲೊ.
ಸರಿಯಿದೆ. ವಂದನೆ.
ಆದರೆ ಫೈಲು ಮೊದಲಿಗಿಂತ
ಹನ್ನೊಂದು ಬೈಟು ಜಾಸ್ತಿ?’

ಹೊಲಿಗೆ ಬಿಚ್ಚಿದ ಕಡೆ ಉಳಿದ ಸೊನ್ನೆಗಳು ಅವು.
ಮೊದಲು ಅಂಚು ಎಲ್ಲಿತ್ತೆಂದು
ಕಳ್ಳನೂ ಬರೆದಿಟ್ಟಿರಲಿಲ್ಲ.