ಇತರೆ, ವಿವರಿಸಿ

ಏಳು ಮನೆಗೆ ಒಂದು ಮನೆ ಅಂತ ಲೆಕ್ಕ.
ಆರು ಬಾಗಿಲು ಬಿಟ್ಟು ಏಳನೆಯದಕ್ಕೆ ಬೆಲ್ಲು ಒತ್ತಬೇಕು,
ಬೆಲ್ಲಿಲ್ಲದಲ್ಲಿ ಚಿಲಕ.
ಮನೆಗೆ ಇಪ್ಪತ್ತೆರಡು ರೂಪಾಯಿ. ಬೀಗ ಹಾಕಿದ್ದರೆ ಅದೂ ಇಲ್ಲ.

ಕೊರಳಲ್ಲಿ ವಾರ್ಡ್ ಆಫೀಸಿನ ಬಿಲ್ಲೆ, ಕೈಯಲ್ಲಿ ಟ್ಯಾಬು,
ಟ್ಯಾಬಿನೊಳಗೆ ಆರು ಹೆಸರು:
ನೀರು, ಚರಂಡಿ, ಕಸ, ಬೀದಿದೀಪ, ಫುಟ್‌ಪಾತು, ಪಾರ್ಕು.
ಯಾವುದು ಮೊದಲು, ಯಾವುದು ಕೊನೆ, ನೀವೇ ಹೇಳಿ
ಅನ್ನುತ್ತೇನೆ, ಬಟ್ಟೆ ಅಂಗಡಿಯಲ್ಲಿ
ಕೊಳ್ಳಲಾಗದವರ ಮುಂದೆ ಸೀರೆ ಬಿಡಿಸಿದ ಹಾಗೆ.

ಲಗ್ಗೆರೆಯ ಮೂರನೇ ಕ್ರಾಸಿನಲ್ಲಿ
ಅಂತೋಣಿಯಮ್ಮ ಆರಕ್ಕೂ ಒಂದನೇ ನಂಬರು ಕೊಟ್ಟಳು.
ಟ್ಯಾಬು ಒಪ್ಪಲಿಲ್ಲ, ಕೆಂಪಗಾಯಿತು.
"ಅದಕ್ಕೇನು ಗೊತ್ತು, ಸೀರೆ ಎತ್ತಿ ಹಿಡ್ಕೊಂಡು
ಈ ರೋಡಲ್ಲಿ ನಡೆದಿದ್ಯಾ ಅದು?"

ಮಹಡಿ ಮನೆಯ ನಂಜುಂಡಾರಾಧ್ಯರು ಪಾರ್ಕು ಅಂದರು.
ಅಡುಗೆಮನೆಯಿಂದ ಬಂದ ದನಿ ಬೇರೇನೋ ಅಂದಿತು.
ಮನೆಗೊಂದೇ ಉತ್ತರ. ಬಾಗಿಲು ತೆಗೆದವರದ್ದು ದಾಖಲಾಯಿತು.

ಅಪಾರ್ಟ್‌ಮೆಂಟಿನಲ್ಲಿ ಗೇಟು ದಾಟಲಿಲ್ಲ.
ಇಂಟರ್‌ಕಾಮಿನಲ್ಲಿ ಕೆಲಸದವಳು: "ಅಮ್ಮ ಇಲ್ಲ ಮೇಡಂ.
ನನ್ನ ಕೇಳಿದ್ರೆ... ಬೇಡ ಬಿಡಿ, ನಂದು ಬೇರೆ ವಾರ್ಡು."

ಆರರಲ್ಲಿ ಹಿಡಿಸದವರಿಗೆ ಕೆಳಗೊಂದು ಚೌಕವಿದೆ:
ಇತರೆ, ವಿವರಿಸಿ.
ಇಪ್ಪತ್ತು ಅಕ್ಷರ ಹಿಡಿಯುತ್ತದೆ, ಇಪ್ಪತ್ತೊಂದಲ್ಲ.
"ಟಾಯ್ಲೆಟ್ ಹತ್ರ ಲೈಟಿಲ್ಲ, ಮಗಳ ಜೊತೆ ದಿನಾಲೂ ನಾನೇ ಹೋಗ"
"ಮೋರಿ ಹಲಗೆ ಮುರಿದು ಎರಡು ವರ್ಷ, ನಮ್ಮ ಪಾಪು ಅವತ್ತು"
ಅಲ್ಲಿಂದಾಚೆ ಬೆರಳು ಬೀಳುತ್ತದೆ, ಅಕ್ಷರ ಬೀಳುವುದಿಲ್ಲ.
ಆಕೆ ಹೇಳುತ್ತಲೇ ಇದ್ದಳು.
ನಾನು ಗಾಜಿನ ಮೇಲೆ ಒತ್ತುತ್ತಲೇ ಇದ್ದೆ.

ಅವತ್ತಿನ ಕೊನೇ ಮನೆ ಮುನಿವೆಂಕಟಮ್ಮನದು.
ಹೊಸಿಲ ಪಕ್ಕ ಹನ್ನೊಂದು ಬಿಂದಿಗೆ, ಬಾಯಿ ತೆರೆದು ಸಾಲಾಗಿ.
ಆಕೆ ಬೀದಿದೀಪ ಮೊದಲು ಬರೆಸಿದಳು,
ನೀರು ಆರನೆಯದು.
ನಾನು ಬಿಂದಿಗೆ ನೋಡಿದೆ. ಆಕೆ ನನ್ನ ನೋಡಿದಳು.
"ಸಿಗೋದನ್ನ ಕೇಳ್ಬೇಕು ಮಗಾ.
ಬರದೇ ಇರೋದನ್ನ ಮೊದಲು ಬರೆಸಿದ್ರೆ ಆ ನಂಬರೂ ದಂಡ.
ದೀಪ ಆದ್ರೆ ಹಾಕ್ತಾರೆ. ಎಲೆಕ್ಷನ್ ಟೈಮಲ್ಲಿ ಒಂದ್ಸಲ ಹಾಕಿದ್ರು,
ಒಂಬತ್ತು ದಿನ ಉರೀತು."
ಆರು ಅಂತ ಒತ್ತಿದೆ.
ಟ್ಯಾಬು ಹಸಿರಾಗಿ ಧನ್ಯವಾದ ಹೇಳಿತು, ನನಗೋ ಆಕೆಗೋ ತಿಳಿಯಲಿಲ್ಲ.

ನಾನಿರುವುದೂ ಇದೇ ಬೀದಿ.
ಎಣಿಕೆಯಲ್ಲಿ ನಮ್ಮದು ನಾಲ್ಕನೇ ಮನೆ,
ಆ ತುದಿಯಿಂದ ಎಣಿಸಿದರೂ ಐದನೆಯದು.

ರಾತ್ರಿ ಎರಡೂಕಾಲಿಗೆ ನಲ್ಲಿ ಕೆಮ್ಮಿತು.
ಪೈಪು ಹಿಡಿದು ಹೊರಗೆ ಬಂದರೆ
ದೀಪವಿಲ್ಲದ ಬೀದಿಯಲ್ಲಿ
ಮನೆಮನೆಯ ಕಿಟಕಿ ಒಂದೊಂದಾಗಿ ಬೆಳಗುತ್ತಿತ್ತು,
ಏಳಕ್ಕೆ ಒಂದಲ್ಲ, ಒಂದನ್ನೂ ಬಿಡದೆ.
ತುಂಬ ಹೊತ್ತು ಎಣಿಸಿದೆ. ಇದಕ್ಕೆ ರೂಪಾಯಿ ಇಲ್ಲ.

ಕತ್ತಲಲ್ಲಿ ಬಿಂದಿಗೆ ತಡಕುತ್ತ ಮುನಿವೆಂಕಟಮ್ಮ ಕೂಗಿದಳು:
"ಏನೇ, ದೀಪ ಇನ್ನೂ ಹಾಕಿಸ್ಲಿಲ್ವಾ?"
ನಗುವಷ್ಟರಲ್ಲಿ ಬಕೆಟ್ಟು ತುಂಬಿ ಚೆಲ್ಲಿತು.
ಪೈಪನ್ನು ಕೊಡಕ್ಕೆ ಬದಲಿಸಿದೆ.